ಒಂದನೇ ತಾರೀಖಿನ ಪೆಟ್ಟಿಗೆ

ಶನಿವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ನಾಲ್ಕನೇ ಕೋಣೆಯ ಬಾಗಿಲು ತೆರೆಯಿತು. ಫಿಂಟನ್ ಹೊರಗೆ ಬಂದು ನಿಂತ. ಅವನ ಕೈಯಲ್ಲಿ ಎರಡು ಪಾಸ್‌ಪೋರ್ಟ್ ಇರಬೇಕಿತ್ತು. ಒಂದೇ ಇತ್ತು.

“ಸಿನ್ಯೋರಾ ನಿವೆಸ್, ಮಗಳದು ಕಾಣ್ತಾ ಇಲ್ಲ,” ಎಂದ.

ನಾನು ತಿಂಡಿಯ ಕೋಣೆಯಲ್ಲಿ ಬಟ್ಟಲು ಜೋಡಿಸುತ್ತಿದ್ದೆ. ನಮ್ಮ ಬಂದರೂರು ತ್ರಿಯೆಸ್ತೆಯ ಈ ಬೀದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಎಂಟು ಕೋಣೆಯ ವಸತಿಗೃಹ ನಡೆಸುತ್ತಿದ್ದೇನೆ. ಕೊಡೆ ಕಳೆದಿದೆ, ಕನ್ನಡಕ ಕಳೆದಿದೆ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟೂ ಕಳೆದಿತ್ತು. ಪಾಸ್‌ಪೋರ್ಟ್ ಕಳೆದದ್ದು ಇದೇ ಮೊದಲು. ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲೆ ಸರಿಯಾಗಿ ಇಟ್ಟೆನೇ ಎಂದು ಎರಡು ಸಲ ನೋಡಿಕೊಂಡೆ.

ಹುಡುಕಾಟ ಶುರುವಾಯಿತು. ಫಿಂಟನ್ ಸೂಟ್‌ಕೇಸಿನ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಮುಚ್ಚಿದ. ಮಂಚದ ಕೆಳಗೆ ನೋಡಿದ. ಬೀರು ನೋಡಿದ. ಕನ್ನಡಿಯ ಕೆಳಗಿನ ಹಲಗೆ ನೋಡಿದ. ಮಗಳು ನೂಲಾ ಹತ್ತು ವರ್ಷದವಳು. ಅವಳು ಕೋಟಿನ ಎಡಜೇಬಿಗೆ ಕೈ ಹಾಕಿದಳು, ಬಲಜೇಬಿಗೆ ಹಾಕಿದಳು, ಮತ್ತೆ ಎಡಜೇಬಿಗೆ. ಚೀಲದಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದು, ತುಂಬಿಸಿ, ಪುನಃ ಸುರಿದಳು. ಐದನೇ ಸಲ ಎಡಜೇಬಿಗೆ ಕೈ ಹಾಕಿದಾಗ ಜೇಬಿನ ಒಳಬಟ್ಟೆಯನ್ನೇ ಹೊರಗೆ ಎಳೆದಳು. ಇಂಥದ್ದನ್ನೆಲ್ಲ ಎಣಿಸುವುದು ನನ್ನ ಹಳೆಯ ಚಟ. ಎಣಿಸಿದ್ದರ ಅರ್ಥ ಮಾತ್ರ ನನಗೆ ತಡವಾಗಿ ಆಗುತ್ತದೆ.

ಆಮೇಲೆ ನೂಲಾ ನೀರು ಕುಡಿಯಲು ಅಡುಗೆಮನೆಗೆ ಹೋದಳು. ತಿರುಗಿ ಬಂದವಳು ಮತ್ತೆ ಹುಡುಕಲಿಲ್ಲ. ಮಂಚದ ತುದಿಯಲ್ಲಿ ಕೂತು ಅಪ್ಪನ ಮುಖವನ್ನೇ ನೋಡತೊಡಗಿದಳು.

ಹತ್ತೂಕಾಲಿನ ರೈಲು ಹಿಡಿದರೆ ಮಾತ್ರ ಅವರಿಗೆ ಡಬ್ಲಿನ್ನಿನ ವಿಮಾನ ಸಿಗುತ್ತಿತ್ತು. ಅದು ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬುಧವಾರ, ನೂಲಾ ಮೇಲಿನ ಮಹಡಿಯಲ್ಲಿ ನಮ್ಮ ಯೆಲ್ಕಾಳಿಂದ ಹಾಸಿಗೆ ಹೊದಿಕೆ ಮಡಚುವುದನ್ನು ಕಲಿಯುತ್ತಿದ್ದಾಗ, ಫಿಂಟನ್ ತಾನಾಗಿಯೇ ಹೇಳಿಕೊಂಡಿದ್ದ. ಅವನದು ಹೂಳೆತ್ತುವ ಹಡಗಿನಲ್ಲಿ ಎಂಜಿನಿಯರ್ ಕೆಲಸ. ಹಡಗು ಯಾವ ಬಂದರಿನಲ್ಲೋ ಅಲ್ಲೇ ಅವನ ವಾಸ. ಹೆಂಡತಿ ಆಶ್ಲಿಂಗ್ ಬೇರೆಯಾಗಿ ನಾಲ್ಕು ವರ್ಷ. ಶಾಲೆಗೆ ರಜೆ ಬಿಟ್ಟಾಗ ಅಕ್ಟೋಬರಿನಲ್ಲಿ ಒಂದು ವಾರ, ಈಸ್ಟರ್‌ನಲ್ಲಿ ಒಂದು ವಾರ ಮಗಳು ಅವನ ಜೊತೆ. ಕರೆದುಕೊಂಡು ಹೋಗಲು ಅವನಿಗೆ ಮನೆಯೆಂಬುದಿಲ್ಲ. ಅದಕ್ಕೇ ಪ್ರತಿ ಸಲ ಒಂದು ಹೊಸ ಊರು. ಗೆಂಟ್ ಆಯಿತು, ಪೋರ್ಟೊ ಆಯಿತು, ಈಗ ನಮ್ಮೂರು.

ಈಸ್ಟರ್‌ನಲ್ಲಿ ಮುಷ್ಕರದಿಂದ ವಿಮಾನ ತಪ್ಪಿ, ಮಗಳನ್ನು ಒಂದು ದಿನ ತಡವಾಗಿ ಮನೆ ಮುಟ್ಟಿಸಿದ್ದ. ಆಶ್ಲಿಂಗಳ ವಕೀಲರಿಂದ ಕಾಗದ ಬಂತು. ಈ ಸಲ ಶನಿವಾರ ಸಂಜೆ ಆರರೊಳಗೆ ಮಗು ಅಮ್ಮನ ಬಾಗಿಲಲ್ಲಿ ಇರಬೇಕು. ಇನ್ನೊಮ್ಮೆ ತಡವಾದರೆ ಪ್ರವಾಸ ಬಂದ್. ಭಾನುವಾರ ಎರಡು ಗಂಟೆ, ಅಮ್ಮನ ಮನೆಯ ಹಜಾರದಲ್ಲಿ ಮಾತ್ರ ಭೇಟಿ. ಹಡಗಿನಲ್ಲಿರುವ ಮನುಷ್ಯನಿಗೆ ಅದು ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

ಆದ್ದರಿಂದ ಏಳೂವರೆಗೆ ಅವನು ಬಂದು, ಪಾಸ್‌ಪೋರ್ಟ್ ತನ್ನ ತಪ್ಪಿಲ್ಲದೆ ಇಲ್ಲಿ ಕಳೆದಿದೆ, ಎಲ್ಲರೂ ಹುಡುಕಿದ್ದಾರೆ ಎಂದು ಒಂದು ಕಾಗದ ಬರೆದುಕೊಡಬಹುದೇ ಎಂದು ಕೇಳಿದಾಗ ನನಗೆ ಪಾಪ ಅನ್ನಿಸಿತು. ನನ್ನ ಮನೆಯ ಹೆಸರು ಕೆಡುತ್ತದಲ್ಲ ಎಂಬ ಸಂಕಟವೂ ಆಯಿತು. ನಾನು ಏನೂ ಬರೆಯದೆ ಆರನೇ ಕೋಣೆಯ ಬಾಗಿಲು ತಟ್ಟಿದೆ.

ಆರನೇ ಕೋಣೆಯಲ್ಲಿ ದುಯಿಲಿಯೋ ವಸ್ಕೊತ್ತೊ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದಾರೆ. ವಯಸ್ಸು ಎಪ್ಪತ್ತಾರು, ಮದುವೆಯಾಗಿಲ್ಲ. ರೈಲು ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಕಳಕೊಂಡವರ ಜೊತೆ ಮಾತಾಡಿ ಮಾತಾಡಿ ಆರು ಭಾಷೆ ಹರಕುಮುರುಕಾಗಿ ಬರುತ್ತದೆ. ನಿವೃತ್ತರಾದ ಮೇಲೂ ಅಭ್ಯಾಸ ಬಿಟ್ಟಿಲ್ಲ. ಮೊಗಸಾಲೆಯಲ್ಲಿ ಕೋಟು ತೂಗುಹಾಕುವ ಗೂಟಗಳ ಕೆಳಗೆ ನೀಲಿ ಬಣ್ಣದ ಮರದ ಪೆಟ್ಟಿಗೆಯೊಂದಿದೆ. ಬಿಟ್ಟುಹೋದ ಅತಿಥಿಗಳ ಮರೆತ ವಸ್ತುಗಳನ್ನು ಅದಕ್ಕೆ ಹಾಕುತ್ತೇವೆ. ಅದಕ್ಕೆ ಬೀಗವಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ದುಯಿಲಿಯೋ ಅದನ್ನು ತೆರೆದು, ಒಂದೊಂದನ್ನೂ ಪುಸ್ತಕದಲ್ಲಿ ಬರೆದು, ವಿಳಾಸ ಸಿಕ್ಕವರಿಗೆ ಪತ್ರ ಹಾಕುತ್ತಾರೆ. ಗುರುವಾರ ತಿಂಡಿಯ ಹೊತ್ತಿನಲ್ಲಿ ಅಪ್ಪನಿಗೂ ಮಗಳಿಗೂ ಅವರು ಈ ಕಥೆಯನ್ನೆಲ್ಲ ಹೇಳಿದ್ದರು. ತಿಂಗಳ ನಡುವೆ ತೆರೆಯಲ್ವಾ ಎಂದು ನೂಲಾ ಕೇಳಿದ್ದಕ್ಕೆ, ಪೆಟ್ಟಿಗೆಗೂ ನಿದ್ದೆ ಬೇಕಲ್ಲ ಮರಿ ಎಂದಿದ್ದರು.

ವಿಷಯ ಕೇಳಿ ಅವರು ಮೊದಲು ಟೈ ಕಟ್ಟಿಕೊಂಡರು. ಆಮೇಲೆ ಮಾತಾಡಿದರು.

“ಕೊನೇದಾಗಿ ಯಾರು ನೋಡಿದ್ದು, ನಿವೆಸ್?”

“ಎಲ್ಲರೂ. ನಿನ್ನೆ ಸಂಜೆ ಏಳೂವರೆಗೆ, ಊಟದ ಮೇಜಲ್ಲಿ.”

“ಸಂಜೆಯಿಂದ ಬೆಳಗಿನವರೆಗೆ ಹೊರಗಿಂದ ಯಾರಾದ್ರೂ ಬಂದ್ರಾ?”

“ಆರು ಗಂಟೆಗೆ ಯೆಲ್ಕಾ. ಇನ್ಯಾರೂ ಇಲ್ಲ.”

“ಹಾಗಾದ್ರೆ ಅದು ಕಳೆದಿಲ್ಲ,” ಎಂದರು ದುಯಿಲಿಯೋ. “ಇದೇ ಮನೇಲಿ ಇದೆ.”

ಎಂಟು ಗಂಟೆಗೆ ಎಲ್ಲರನ್ನೂ ತಿಂಡಿಯ ಕೋಣೆಯಲ್ಲಿ ಕೂರಿಸಿದೆವು. ಎಲ್ಲರೂ ಎಂದರೆ ಬಹಳ ಜನವಲ್ಲ. ಅಪ್ಪ, ಮಗಳು, ಕೆಲಸದ ಯೆಲ್ಕಾ, ಎರಡನೇ ಕೋಣೆಯ ಪಿಕ್ಲರ್. ಉಳಿದ ಕೋಣೆಗಳು ಖಾಲಿ. ಹೊರಗೆ ಬೋರಾ ಗಾಳಿ ಬೆಳಗಿನ ಐದು ಗಂಟೆಯಿಂದ ಬೀಸುತ್ತಿತ್ತು. ಕಿಟಕಿಯ ಪಡಿಗಳು ದಡಬಡಿಸುತ್ತಿದ್ದವು. ಎದುರು ಮನೆಯ ಹೂಕುಂಡವೊಂದು ಬೀದಿಯಲ್ಲಿ ಉರುಳಾಡುತ್ತಿತ್ತು.

ಪಿಕ್ಲರ್ ಗ್ರಾಜ್ ಊರಿನವನು. ಹಳೆಯ ಕಾಗದಪತ್ರಗಳ ವ್ಯಾಪಾರಿ. ಸಾಮ್ರಾಜ್ಯದ ಕಾಲದ ಅಂಚೆಚೀಟಿ, ಹಡಗಿನ ಟಿಕೆಟ್ಟು, ಸತ್ತವರ ಪಾಸ್‌ಪೋರ್ಟು, ಎಲ್ಲವನ್ನೂ ಕೊಳ್ಳುತ್ತಾನೆ. ಹಿಂದಿನ ಸಂಜೆ ಮುಖಪುಟದ ಮೇಲಿನ, ಐರ್ಲೆಂಡಿನ ಲಾಂಛನವಾದ ತಂತಿವಾದ್ಯದ ಚಿತ್ರ ನೋಡಬೇಕೆಂದು ನೂಲಾಳ ಪಾಸ್‌ಪೋರ್ಟ್ ಕೇಳಿ ಪಡೆದವನು ಅವನೇ. ಎಲ್ಲರೆದುರು ಹಿಂದಕ್ಕೆ ಕೊಟ್ಟದ್ದೂ ನಿಜ. ಅದನ್ನು ನಾನೇ ಕಂಡಿದ್ದೆ. ನೂಲಾ ಅಪ್ಪನ ಕೈಗೆ ಕೊಟ್ಟಳು, ಅಪ್ಪ ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡ.

“ಆಮೇಲೆ?” ದುಯಿಲಿಯೋ ಫಿಂಟನ್ ಕಡೆ ತಿರುಗಿದರು.

ಕೋಣೆಗೆ ಹೋದ ಮೇಲೆ ಎರಡನ್ನೂ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟೆ, ಬೆಳಿಗ್ಗೆ ನೋಡಿದರೆ ಒಂದೇ ಇತ್ತು ಎಂದ ಫಿಂಟನ್.

“ಬೆಳಿಗ್ಗೆ ಕೋಣೆಯೊಳಗೆ ಯಾರು ಬಂದ್ರು?”

ಫಿಂಟನ್‌ಗಿಂತ ಮೊದಲೇ ಪಿಕ್ಲರ್ ಉತ್ತರಿಸಿದ.

“ಆರೂವರೆಗೆ ಕಾಫಿ ತಟ್ಟೆ ಹಿಡ್ಕೊಂಡು ಒಳಗೆ ಹೋದೋಳು ಇಲ್ಲೇ ನಿಂತಿದ್ದಾಳಲ್ಲ. ಅವಳನ್ನ ಬಿಟ್ಟು ನಮ್ಮನ್ನೆಲ್ಲ ಯಾಕೆ ಕೇಳ್ತೀರಿ?”

ಯೆಲ್ಕಾ ಸೊಂಟದ ಮೇಲೆ ಕೈ ಇಟ್ಟಳು. ಅವಳು ಬೆಟ್ಟದ ಮೇಲಿನ ಸ್ಲೊವೇನ್ ಹಳ್ಳಿಯವಳು. ಕೋಪ ಬಂದಷ್ಟೂ ಅವಳ ದನಿ ತಗ್ಗುತ್ತದೆ.

“ಹೌದು ಸ್ವಾಮಿ, ನಂಗೆ ಐವತ್ತೆರಡು. ಹತ್ತು ವರ್ಷದ ಹುಡುಗಿ ಫೋಟೋ ಇಟ್ಕೊಂಡು ಐರ್ಲೆಂಡಿಗೆ ಹೋಗ್ತೀನಿ. ಗಡಿಯಲ್ಲಿ ಕೇಳಿದ್ರೆ, ಬೋರಾ ಗಾಳಿಗೆ ಮುಖ ಸ್ವಲ್ಪ ಒಣಗಿದೆ ಅಂತೀನಿ. ಸತ್ತೋರ ಪಾಸ್‌ಪೋರ್ಟ್ ಕೊಳ್ಳೋದು ಯಾರು? ನಾನಾ, ನೀವಾ?”

“ಬೇಕಿದ್ದರೆ ನನ್ನ ಸೂಟ್‌ಕೇಸು ನೋಡ್ಕೊಳ್ಳಿ,” ಎಂದ ಪಿಕ್ಲರ್. “ಆದ್ರೆ ಮೊದಲು ಪೊಲೀಸರನ್ನ ಕರೀರಿ. ಅವಳ ಚೀಲವನ್ನೂ ನೋಡ್ಲಿ.”

ಯೆಲ್ಕಾಳ ಮುಖ ಕೆಂಪಾಯಿತು. ಹದಿನಾಲ್ಕು ವರ್ಷದಿಂದ ನನ್ನ ಮನೆಯ ಎಲ್ಲ ಬೀಗದ ಕೈಗಳೂ ಅವಳ ಬಳಿ ಇವೆ. ಒಂದು ಗುಂಡಿ ಸಿಕ್ಕರೂ ತಂದು ನನ್ನ ಅಂಗೈಗೆ ಹಾಕುವವಳು. ಅವಳ ಪರವಾಗಿ ನಾನು ಬಾಯಿ ತೆರೆಯುವಷ್ಟರಲ್ಲಿ ನೂಲಾ ಎದ್ದು ನಿಂತಳು.

“ಯೆಲ್ಕಾ ಅಲ್ಲ. ನಾನೇ ತೆಗೆದದ್ದು.”

ಕಿಟಕಿಯ ಪಡಿ ಒಮ್ಮೆ ಬಡಿದುಕೊಂಡಿತು.

“ಎಲ್ಲಿದೆ ಮರಿ?” ಎಂದರು ದುಯಿಲಿಯೋ.

“ಇಲ್ಲ. ಸಮುದ್ರಕ್ಕೆ ಎಸೆದೆ. ಮನೆಗೆ ಹೋಗೋಕೆ ಇಷ್ಟ ಇರ್ಲಿಲ್ಲ.”

“ಯಾವಾಗ?”

“ಬೆಳಿಗ್ಗೆ ಆರು ಗಂಟೆಗೆ. ಅಪ್ಪ ಮಲಗಿದ್ರು.”

“ಎಲ್ಲಿಂದ ಎಸೆದೆ?”

“ಆ ಉದ್ದ ಕಟ್ಟೆ ಇದೆಯಲ್ಲ, ಅದರ ತುದಿಯಿಂದ.”

ಫಿಂಟನ್ ಬಾಯಿ ತೆರೆದ. ಗಡಿಯಾರ ನೋಡಿದ. ಮುಚ್ಚಿದ. ಮಗಳು ಮಾಡಿದ ಕೆಲಸಕ್ಕೆ ನಾಚಿಕೆ ಪಡುತ್ತಿದ್ದಾನೆ ಎಂದು ನಾನು ತಿಳಿದೆ. ಪಿಕ್ಲರ್ ಕರವಸ್ತ್ರದಿಂದ ಕನ್ನಡಕ ಒರೆಸಿಕೊಳ್ಳುತ್ತ, ಮಕ್ಕಳನ್ನು ಹೇಗೆ ಬೆಳೆಸಬೇಕೆಂಬ ಬಗ್ಗೆ ಏನೋ ಗೊಣಗಿದ.

ದುಯಿಲಿಯೋ ಹುಡುಗಿಯನ್ನು ಹತ್ತಿರ ಕರೆದರು. ಗದರಿಸಲಿಲ್ಲ. ಜಡೆ ಯಾರು ಹಾಕಿದ್ದು ಎಂದು ಕೇಳಿದರು. ನಿನ್ನೆ ಮಲಗುವ ಮುಂಚೆ ಅಪ್ಪ ಹಾಕಿದ್ದು ಎಂದಳು. ಹೌದು, ಅದು ಗಂಡಸು ಹಾಕಿದ ಜಡೆಯೇ. ಮೇಲೆ ದಪ್ಪ, ಕೆಳಗೆ ಸಣಕಲು, ಹಡಗಿನ ಹಗ್ಗದಂತೆ ಗಂಟು. ಆದರೆ ಒಂದು ಕೂದಲೂ ಹೊರಗೆ ಬಂದಿರಲಿಲ್ಲ.

“ಸರಿ. ಹೋಗಿ ಕೂತ್ಕೋ,” ಎಂದು ದುಯಿಲಿಯೋ ಎದ್ದರು. “ನಿವೆಸ್, ನಂಗೆ ಕಾಫಿ ಬೇಕು. ನಾನೇ ಮಾಡ್ಕೋತೀನಿ.”

ನಾನೂ ಅವರ ಹಿಂದೆ ಅಡುಗೆಮನೆಗೆ ಹೋದೆ. ಬಾಗಿಲು ಮುಚ್ಚಿದ ಮೇಲೆ ಅವರು ಮೆಲ್ಲಗೆ ಹೇಳಿದರು.

“ಈ ಗಾಳಿಯಲ್ಲಿ ಕಟ್ಟೆ ತುದಿಗೆ ಹೋಗಿ ಬಂದ್ರೆ ನನ್ನ ತಲೆ ಮೇಲಿನ ನಾಲ್ಕು ಕೂದಲೂ ಉಳಿಯಲ್ಲ. ಅವಳು ಬಾಗಿಲು ದಾಟಿಲ್ಲ. ಸುಳ್ಳು ಹೇಳ್ತಾ ಇದ್ದಾಳೆ.”

“ಯೆಲ್ಕಾಗೋಸ್ಕರವಾ?”

“ಅರ್ಧ ಯೆಲ್ಕಾಗೋಸ್ಕರ. ಇನ್ನರ್ಧ ಯಾರಿಗೋಸ್ಕರ?”

ಗಡಿಯಾರದಲ್ಲಿ ಎಂಟು ನಲವತ್ತು. ಅವರು ಕಾಫಿಪುಡಿಯ ಡಬ್ಬಿಗೆ ಕೈ ಚಾಚಿದರು. ಡಬ್ಬಿಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಬಟ್ಟಲೊಂದಿತ್ತು. ಬಟ್ಟೆ ಎತ್ತಿ ನೋಡಿದರು.

“ಇದೇನು?”

ಅದನ್ನು ನಾನು ಮರೆತೇ ಬಿಟ್ಟಿದ್ದೆ. ಶುಕ್ರವಾರ ಸಂಜೆ ಫಿಂಟನ್ ಒಂದು ಬಟ್ಟಲನ್ನೂ ಒಂದಿಷ್ಟು ಕಡುಚಹಾವನ್ನೂ ಕೇಳಿ ಪಡೆದಿದ್ದ. ಒಣದ್ರಾಕ್ಷಿ, ಒಣಗಿದ ಕಿತ್ತಳೆಸಿಪ್ಪೆ ತಂದಿದ್ದ. ಚಹಾ ಆರಿದ ಮೇಲೆ ಅವನ್ನು ಅದರಲ್ಲಿ ಹಾಕಿಟ್ಟ. ದಾರಿಗೆ ಏನೋ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ನಮ್ಮಲ್ಲಿ ಹಬ್ಬದ ಸುರುಳಿ ರೊಟ್ಟಿಗೆ ದ್ರಾಕ್ಷಿಯನ್ನು ರಮ್ಮಿನಲ್ಲಿ ಒಂದು ಗಂಟೆ ನೆನೆಸುತ್ತೇವೆ, ಅಷ್ಟೇ. ಇದೂ ಹಾಗೇ ಇರಬೇಕೆಂದು ನನ್ನ ಲೆಕ್ಕ.

ದುಯಿಲಿಯೋ ಚಮಚದಿಂದ ಒಂದು ದ್ರಾಕ್ಷಿ ಎತ್ತಿ ಬೆಳಕಿಗೆ ಹಿಡಿದರು. ಅದು ಗೋಲಿಯಷ್ಟು ದಪ್ಪ ಉಬ್ಬಿತ್ತು. ಬಟ್ಟಲಿನಲ್ಲಿ ಚಹಾ ಒಂದು ಹನಿಯೂ ಉಳಿದಿರಲಿಲ್ಲ.

“ಇದೆಲ್ಲ ಚಹಾ ಕುಡಿಯೋಕೆ ಇಡೀ ರಾತ್ರಿ ಬೇಕು,” ಎಂದರು. “ಹುಡುಗೀನ ಕರೀರಿ.”

ನೂಲಾ ಬಂದಳು. ಬಾಗಿಲಲ್ಲೇ ನಿಂತು ಬಟ್ಟಲನ್ನು ಕಂಡಳು. ತೆರೆದ ಬಟ್ಟಲು, ದುಯಿಲಿಯೋ ಕೈಯ ಚಮಚ. ಕ್ಷಣದಲ್ಲಿ ಅವಳ ಕಣ್ಣು ತುಂಬಿತು.

“ಅದನ್ನ ನಾನೇ ನೆನೆಸಿದ್ದು,” ಎಂದಳು.

ಬಟ್ಟಲನ್ನು ಅವಳಪ್ಪನ ಕೈಗೆ ಕೊಟ್ಟವಳು ನಾನು.

“ಹೌದಾ? ಹಾಗಾದ್ರೆ ಹೇಳು, ಇದರಿಂದ ಏನು ಮಾಡ್ತಾರೆ?”

ಬ್ರ್ಯಾಕ್ ಎಂಬ ಹಣ್ಣಿನ ಬ್ರೆಡ್ಡು ಎಂದಳು. ಒಳಗೆ ಒಂದು ಉಂಗುರ ಬಚ್ಚಿಟ್ಟು ಬೇಯಿಸುತ್ತಾರೆ. ಯಾರ ತುಂಡಿನಲ್ಲಿ ಉಂಗುರ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ. ಅವಳಿಗೆ ಐದು ವರ್ಷವಾಗಿದ್ದಾಗ ಅವಳಿಗೇ ಬಂದಿತ್ತಂತೆ. ಮದುವೆ ಬೇಡ ಎಂದು ಅತ್ತಿದ್ದಳಂತೆ. ಹೇಳುತ್ತ ಹೇಳುತ್ತ ಅವಳು ಅರ್ಧ ನಕ್ಕಳು.

“ಯಾವಾಗ ಕತ್ತರಿಸ್ತೀರಿ?”

“ಹ್ಯಾಲೋವೀನ್ ಸಂಜೆ.”

“ಹಿಂದಿನ ದಿನ ಕತ್ತರಿಸಿದ್ರೆ?”

“ಹಾಗೆ ಯಾರೂ ಮಾಡಲ್ಲ ಅಜ್ಜಾ. ಅದು ಬರೀ ಬ್ರೆಡ್ ಆಗುತ್ತೆ.”

“ಹ್ಯಾಲೋವೀನ್ ಯಾವತ್ತು?”

ಅವಳು ನೆಲ ನೋಡಿದಳು. ಉತ್ತರವನ್ನು ನಾನು ಹೇಳಬೇಕಾಯಿತು. ಅದು ಅವತ್ತೇ, ಅಕ್ಟೋಬರ್ ಮೂವತ್ತೊಂದು.

ಒಂಬತ್ತು ಗಂಟೆಗೆ ದುಯಿಲಿಯೋ ಫಿಂಟನ್‌ನನ್ನು ಮೊಗಸಾಲೆಗೆ ಕರೆದರು. ನಾನೂ ನೂಲಾಳೂ ಬಂದೆವು. ಪಿಕ್ಲರ್ ಹಿಂದೆಯೇ ಹೊರಟಿದ್ದ. ಇದು ಕಚೇರಿಯ ಒಳಗಿನ ವ್ಯವಹಾರ ಎಂದು ಅವನ ಮುಖಕ್ಕೇ ಬಾಗಿಲು ಹಾಕಿದರು.

ಗಂಟಲು ಸರಿಮಾಡಿಕೊಂಡು, ಕಚೇರಿಯ ಕಿಂಡಿಯ ಹಿಂದೆ ನಿಂತವರಂತೆ ಶುರು ಮಾಡಿದರು.

“ಮೂವತ್ತನಾಲ್ಕು ವರ್ಷ ನಾನು ಕಳಕೊಂಡವರನ್ನ ನೋಡಿದ್ದೀನಿ. ನಿಜವಾಗಿ ಕಳಕೊಂಡೋರು ನೋಡಿದ ಜಾಗಾನೇ ಮತ್ತೆ ಮತ್ತೆ ನೋಡ್ತಾರೆ. ಖಾಲಿ ಜೇಬಿಗೇ ಹತ್ತು ಸಲ ಕೈ ಹಾಕ್ತಾರೆ. ನಿವೆಸ್, ಬೆಳಿಗ್ಗೆ ಈ ಹುಡುಗಿ ಹೇಗೆ ಹುಡುಕಿದ್ಲು?”

“ಐದು ಸಲ ಎಡಜೇಬು,” ಎಂದೆ.

“ಇವರು?”

ನಾನು ನೆನಪು ಮಾಡಿಕೊಂಡೆ. ಸೂಟ್‌ಕೇಸು ಒಂದು ಸಲ. ಮಂಚದ ಕೆಳಗೆ ಒಂದು ಸಲ. ಬೀರು, ಹಲಗೆ, ಒಂದೊಂದೇ ಸಲ. ಎಲ್ಲವನ್ನೂ ಎಣಿಸಿದ್ದೆ. ಆಗ ಅರ್ಥವಾಗಿರಲಿಲ್ಲ.

“ಎರಡನೇದು,” ದುಯಿಲಿಯೋ ಮುಂದುವರಿಸಿದರು. “ಕಳಕೊಂಡೋರು ಮೊದಲು ಕೇಳೋದು ಪೊಲೀಸು, ದೂತಾವಾಸ. ಇವರು ಕೇಳಿದ್ದು ತಮ್ಮ ತಪ್ಪಿಲ್ಲ ಅನ್ನೋ ಕಾಗದ. ಅದೂ ಏಳೂವರೆಗೇ. ಇದೆಲ್ಲ ಗುಮಾನಿ ಅಷ್ಟೇ. ಬಟ್ಟಲು ಗುಮಾನಿ ಅಲ್ಲ. ಇವತ್ತು ಬೆಳಿಗ್ಗೆ ರೈಲು ಹತ್ತೋ ಮನುಷ್ಯ, ಇವತ್ತು ಸಂಜೆ ಕತ್ತರಿಸೋ ಬ್ರೆಡ್ಡಿಗೆ ನಿನ್ನೆ ಸಂಜೆ ಯಾಕೆ ದ್ರಾಕ್ಷಿ ನೆನೆಸ್ತಾನೆ? ನಿನ್ನೆ ಸಂಜೆ ಪಾಸ್‌ಪೋರ್ಟ್ ಇನ್ನೂ ಊಟದ ಮೇಜಿನ ಮೇಲಿತ್ತು. ಇವತ್ತು ಹೋಗಲ್ಲ ಅಂತ ಆಗ್ಲೇ ಒಬ್ಬರಿಗೆ ಗೊತ್ತಿತ್ತು. ಅದನ್ನ ತೆಗೆದೋರು ನೀವೇ, ಫಿಂಟನ್.”

ಫಿಂಟನ್ ಕೋಟುಗಳ ಸಾಲಿಗೆ ಬೆನ್ನು ಕೊಟ್ಟು ನಿಂತ.

“ಎಲ್ಲಿಟ್ಟಿದ್ದಾರೆ?” ನಾನು ಕೇಳಿದೆ. ನನ್ನ ಕಣ್ಣು ಗಡಿಯಾರದ ಮೇಲಿತ್ತು.

“ಸುಡಲಿಲ್ಲ, ಎಸೀಲಿಲ್ಲ. ಮಗಳ ಫೋಟೋ ಇರೋ ಪುಸ್ತಕ, ಇಂಥ ಮನುಷ್ಯ ಅದನ್ನ ಎಸೀತಾನಾ? ಸಿಗಬೇಕು, ಆದ್ರೆ ಇವತ್ತು ಸಿಗಬಾರದು. ನಾಳೆ ಸಿಕ್ಕರೆ ಸಾಕು. ಸೋಮವಾರ ಶಾಲೆ ತಪ್ಪಬಾರದು. ನಾಳೆಯೇ ಸಿಗೋ ಜಾಗ ಈ ಮನೇಲಿ ಒಂದೇ ಒಂದಿದೆ.”

ನಾಳೆ ಒಂದನೇ ತಾರೀಖು.

ಬಿಟ್ಟುಹೋದವರ ವಸ್ತುಗಳ ಪೆಟ್ಟಿಗೆ ಅದು. ಇನ್ನೂ ಮನೆಯಲ್ಲಿರುವವರ ವಸ್ತುವನ್ನು ಅಲ್ಲಿ ಹುಡುಕಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ದುಯಿಲಿಯೋ ಪ್ಯಾಂಟನ್ನು ಮೊಣಕಾಲ ಮೇಲೆ ಎಳೆದುಕೊಂಡು ಕಷ್ಟಪಟ್ಟು ಕೆಳಗೆ ಕೂತರು. ಮುಚ್ಚಳದ ಮೇಲೆ ಕೈ ಇಟ್ಟು ತಡೆದರು.

“ತಾರೀಖಿಗೆ ಮುಂಚೆ ಯಾವತ್ತೂ ತೆಗೆದಿಲ್ಲ ನಾನು,” ಎಂದು ಯಾರಿಗೋ ಕ್ಷಮೆ ಕೇಳುವಂತೆ ಹೇಳಿದರು. ಆಮೇಲೆ ತೆರೆದರು.

ಒಂಟಿ ಕೈಗವಸುಗಳು, ಎರಡು ಕೊಡೆ, ಒಂದು ಕಾಲಿನ ಚಪ್ಪಲಿ. ಅಡಿಯಲ್ಲಿ ಉಣ್ಣೆಯ ಟೋಪಿಯೊಂದರ ಒಳಗೆ, ಮಡಿಚಿದ ಕರವಸ್ತ್ರದಲ್ಲಿ ಸುತ್ತಿ, ನೂಲಾಳ ಪಾಸ್‌ಪೋರ್ಟ್ ಬೆಚ್ಚಗಿತ್ತು.

ಫಿಂಟನ್ ಕೊನೆಗೂ ಮಾತಾಡಿದ. ಹೇಳಿದ್ದು ಸ್ವಲ್ಪವೇ. ನಾಲ್ಕು ವರ್ಷದಿಂದ ಮಗಳ ಜೊತೆಗಿನ ವಾರ ಯಾವಾಗಲೂ ಹ್ಯಾಲೋವೀನ್‌ಗೆ ಮೊದಲೇ ಮುಗಿದುಹೋಗುತ್ತಿತ್ತು. ಆ ಸಂಜೆ ಮಗಳು ಅಮ್ಮನ ಮನೆಯಲ್ಲಿರಬೇಕೆಂದು ಕಾಗದದಲ್ಲಿದೆ. ಇಲ್ಲಿ ಒಂದು ಅಡುಗೆಮನೆ ಕಂಡಿತು, ಒಲೆ ಕಂಡಿತು. ಪೆಟ್ಟಿಗೆಯ ಕಥೆ ಕೇಳಿದ ದಿನದಿಂದ ಬೇರೇನೂ ಯೋಚಿಸಲಾಗಲಿಲ್ಲ.

“ಒಂದೇ ಒಂದು ಸಂಜೆ ಬೇಕಿತ್ತು,” ಎಂದ. “ಹೋಟೆಲ್ ಊಟ ಅಲ್ಲ. ಮನೇಲಿ ಮಾಡಿದ್ದು.”

ಮಗಳು ತಾನೇ ಕಳ್ಳಿ ಎಂದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಬೇಕೆಂದಿದ್ದೆ. ಕೇಳುವ ಅಗತ್ಯ ಬೀಳಲಿಲ್ಲ. ಅವನ ಮುಖ ನೋಡಿದರೆ ಅದನ್ನೇ ತನ್ನನ್ನು ಕೇಳಿಕೊಳ್ಳುತ್ತಿದ್ದ.

“ನಂಗೆ ಗೊತ್ತಾಯ್ತು ಅಪ್ಪ,” ಎಂದಳು ನೂಲಾ. “ನೀರು ಕುಡಿಯೋಕೆ ಹೋದಾಗ ಚಹಾ ವಾಸನೆ ಬಂತು. ಬಟ್ಟೆ ಎತ್ತಿ ನೋಡಿದೆ.”

“ಮತ್ತೆ ಯಾಕೆ ಹಾಗೆ ಹೇಳಿದೆ?”

“ನಾನು ಎಸೆದೆ ಅಂದ್ರೆ ಅಮ್ಮ ನಂಗೆ ಬೈತಾಳೆ, ಅಷ್ಟೇ. ನಿನ್ನ ಜೊತೆ ಬರೋದನ್ನ ನಿಲ್ಲಿಸಲ್ಲ.” ಅವಳು ಪಾಸ್‌ಪೋರ್ಟನ್ನು ತೆಗೆದುಕೊಂಡು ಕೋಟಿನ ಎಡಜೇಬಿಗೆ ಹಾಕಿದಳು. “ಒಂದು ದಿನ ಸಿಗುತ್ತೆ ಅಂತ ಎಲ್ಲಾ ದಿನ ಕಳ್ಕೋತಿದ್ವಲ್ಲ ಅಪ್ಪ.”

ಫಿಂಟನ್ ನೆಲದ ಮೇಲೆ ಕುಳಿತುಬಿಟ್ಟ. ಅವಳು ಪಕ್ಕದಲ್ಲಿ ಕೂತು ಅವನ ಹೆಗಲಿಗೆ ತಲೆ ಆನಿಸಿದಳು. ಒಂಬತ್ತೂಕಾಲು ಆಗಿತ್ತು. ಗಡಿಯಾರವನ್ನು ಸದಾ ನೋಡುವ ನಾನು ಐದು ನಿಮಿಷ ಅದರ ಕಡೆ ನೋಡಲಿಲ್ಲ.

ಎದ್ದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ತಿಂಡಿಯ ಕೋಣೆಗೆ ಹೋಗಿ, ಪಿಕ್ಲರ್ ಎದುರಿಗೇ, ಯೆಲ್ಕಾಳಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದ್ದು. ಯೆಲ್ಕಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇನ್ನೊಂದ್ಸಲ ಒಂದು ದಿನ ಬೇಕಾದ್ರೆ ನಂಗೆ ಹೇಳಿ. ಬಚ್ಚಲುಮನೇಲಿ ಕೂಡಿಹಾಕಿ ಬೀಗ ಕಳೀತು ಅಂತೀನಿ. ಅಷ್ಟು ಸುಳ್ಳು ನಂಗೂ ಬರುತ್ತೆ.”

ಪಿಕ್ಲರ್ ಅವಳಿಗೊಂದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

ಹೊರಡುವ ಮುಂಚೆ ನೂಲಾ ಅಡುಗೆಮನೆಗೆ ಬಂದು ನನಗೆ ಲೆಕ್ಕ ಒಪ್ಪಿಸಿದಳು. ಎರಡು ಬಟ್ಟಲು ಹಿಟ್ಟು, ಒಂದು ಮೊಟ್ಟೆ, ಒಂದು ಬಟ್ಟಲು ಕಂದುಸಕ್ಕರೆ, ಒಂದು ಗಂಟೆ ಒಲೆ. ಉಂಗುರವನ್ನು ಬೆಣ್ಣೆಕಾಗದದಲ್ಲಿ ಸುತ್ತಬೇಕು, ಇಲ್ಲದಿದ್ದರೆ ಹಲ್ಲು ಹೋಗುತ್ತದೆ. ಯೆಲ್ಕಾ ಕಿಟಕಿಯ ಪರದೆಯಿಂದ ಒಂದು ಹಿತ್ತಾಳೆಯ ಉಂಗುರ ಕಳಚಿ ತಂದಳು. ನೂಲಾ ಅದನ್ನು ತಾನೇ ಸುತ್ತಿ ನನ್ನ ಅಂಗೈಯಲ್ಲಿಟ್ಟಳು.

“ನಮ್ಮ ಆರು ಗಂಟೆಗೆ ಕತ್ತರಿಸಿ. ಅಂದ್ರೆ ನಿಮ್ಮ ಏಳಕ್ಕೆ. ಆಗ ನಾವು ಅಮ್ಮನ ಬಾಗಿಲಲ್ಲಿ ಇರ್ತೀವಿ.”

ಗಾಳಿಗೆ ಬಾಗಿಕೊಂಡು ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಅವನು ಒಂದು ಕೈಯಲ್ಲಿ ಸೂಟ್‌ಕೇಸು ಹಿಡಿದಿದ್ದ. ಇನ್ನೊಂದು ಕೈ ಮಗಳ ತಲೆಯ ಮೇಲಿತ್ತು. ಮೂಲೆ ತಿರುಗುವ ಮೊದಲೇ ಜಡೆ ಬಿಚ್ಚಿಹೋಯಿತು.

ಸಂಜೆ ಏಳಕ್ಕೆ ಮೂರು ನಿಮಿಷ ಇರುವಾಗ ನನ್ನ ಫೋನಿಗೆ ಸಂದೇಶ ಬಂತು: ಬಾಗಿಲಲ್ಲಿದ್ದೇವೆ. ನಾನು ಅದನ್ನು ಎರಡು ಸಲ ಓದಿ, ಚಾಕು ಎತ್ತಿಕೊಂಡೆ. ನಾಲ್ಕು ತುಂಡು ಮಾಡಿದೆ. ಪಿಕ್ಲರ್‌ಗೂ ಒಂದು ಕೊಟ್ಟೆವು. ಬ್ರೆಡ್ಡು ಕಪ್ಪಗೆ, ಒದ್ದೆಯಾಗಿ, ಚಹಾದ ಘಮದಿಂದ ತುಂಬಿತ್ತು. ಇಷ್ಟು ರುಚಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಉಂಗುರ ದುಯಿಲಿಯೋ ತುಂಡಿನಲ್ಲಿ ಬಂತು.

“ಅಯ್ಯೋ, ಎಪ್ಪತ್ತಾರಕ್ಕೆ ಮದುವೆ ಗಂಡು,” ಎಂದಳು ಯೆಲ್ಕಾ. “ನಾನಂತೂ ಒಪ್ಪಲ್ಲ, ಈಗ್ಲೇ ಹೇಳ್ಬಿಟ್ಟೆ.”

ಅವರು ನಗುತ್ತ ಉಂಗುರವನ್ನು ತೊಳೆದು, ಒರೆಸಿ, ಲಕೋಟೆಯೊಂದಕ್ಕೆ ಹಾಕಿದರು. ಮೊಗಸಾಲೆಗೆ ಹೋಗಿ ನೀಲಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದರು.

ಮರುದಿನ ಒಂದನೇ ತಾರೀಖು. ಅವರು ಎಂದಿನಂತೆ ಟೈ ಕಟ್ಟಿಕೊಂಡು ಪೆಟ್ಟಿಗೆ ತೆರೆದು, ಪುಸ್ತಕ ಬರೆದು, ಎದ್ದುಹೋದರು. ನಾನು ಬಗ್ಗಿ ನೋಡಿದೆ. ಕೊನೆಯ ಸಾಲಿನಲ್ಲಿ ಅವರ ಗುಂಡು ಅಕ್ಷರಗಳಲ್ಲಿ ಹೀಗಿತ್ತು: ಉಂಗುರ, ಹಿತ್ತಾಳೆ, ಒಂದು. ವಾರಸುದಾರರು ನೂಲಾ ಮತ್ತು ಆಕೆಯ ತಂದೆ. ಈಸ್ಟರ್‌ಗೆ ಬಂದು ತೆಗೆದುಕೊಂಡು ಹೋಗುತ್ತಾರೆ.

ಖಚಿತವಿಲ್ಲದ್ದನ್ನು ದುಯಿಲಿಯೋ ಆ ಪುಸ್ತಕದಲ್ಲಿ ಇದುವರೆಗೆ ಬರೆದಿಲ್ಲ. ನಾನು ಈಸ್ಟರ್ ವಾರಕ್ಕೆ ನಾಲ್ಕನೇ ಕೋಣೆಯನ್ನು ಬೇರೆ ಯಾರಿಗೂ ಕೊಡದಂತೆ ಗುರುತು ಹಾಕಿಟ್ಟೆ.